ಐದು ಗುಂಡು, ಖಾಲಿ ಹಾಳೆ

ಹವಾಲ್ದಾರರು ನನ್ನ ಹಾಳೆಯನ್ನು ಸೂರ್ಯನಿಗೆ ಹಿಡಿದು ನೋಡಿದರು. ಐದು ಗುಂಡು ಹೊಡೆದಿದ್ದೆ, ಒಂದು ತೂತೂ ಇರಲಿಲ್ಲ. ಹಾಸನದ ಹೊರಗೆ, ಗುಡ್ಡದ ಬುಡದಲ್ಲಿ ನಡೆದ ನಮ್ಮ ಕಾಲೇಜಿನ ಕ್ಯಾಡೆಟ್ ಹುಡುಗಿಯರ ಶಿಬಿರವದು.

"ಬೇಟಿ, ಕಣ್ಣು ಮುಚ್ಕೊಂಡು ಹೊಡೆದಿದ್ದೀಯ. ಡರ್ ಗಯಿ, ಹೆದರಿಬಿಟ್ಟೆ," ಎಂದರು. ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ನನ್ನ ಎಡಕ್ಕೆ ಮಲಗಿ ಹೊಡೆದ ಗೆಳತಿಯ ಹಾಳೆಯಲ್ಲಿ ಐದು ತೂತುಗಳು ಒಂದು ಅಂಗೈಯಗಲದೊಳಗೆ ಬಿದ್ದಿದ್ದವು. ಅವಳಿಗೆ ಕಪ್ ಸಿಕ್ಕಿತು, ನನಗೆ 'ಕಣ್ಣಾಮುಚ್ಚಾಲೆ' ಎಂಬ ಹೆಸರು. ಸೇನೆಯಲ್ಲಿ ಅಧಿಕಾರಿಯಾಗಬೇಕೆಂದು ತುಂಬಿಟ್ಟಿದ್ದ ಅರ್ಜಿಯೊಂದು ನನ್ನ ಟ್ರಂಕಿನಲ್ಲಿತ್ತು. ಅವತ್ತು ಊಟದ ಗಂಟೆ ಹೊಡೆಯುವ ಮೊದಲೇ ಅದನ್ನು ಹರಿದು ಒಲೆಗೆ ಹಾಕಿದೆ. ಆಮೇಲೆ ಎಲ್ಲರ ಹಾಗೆ ಕಂಪ್ಯೂಟರ್ ಕಲಿತೆ, ಮದುವೆಯಾದೆ, ಅಮೆರಿಕದ ಸೆಂಟರ್‌ವಿಲ್‌ಗೆ ಬಂದೆ. ಆದರೆ ಬದುಕಿನಲ್ಲಿ ಎಲ್ಲಿ ಹಿಂದೇಟು ಹಾಕಿದರೂ ಆ ಮಾತು ಕೇಳಿಸುತ್ತಿತ್ತು. ನಾನು ನಿಜಕ್ಕೂ ಕಣ್ಣು ಮುಚ್ಚಿದ್ದೆನೇ? ನನಗೇ ನೆನಪಿರಲಿಲ್ಲ.

ಕೊರೋನಾ ಕಳೆದ ಮೇಲೆ, ಐವತ್ತರ ಹೊಸ್ತಿಲಲ್ಲಿ, ಪಕ್ಕದೂರು ಶ್ಯಾಂಟಿಲಿಯಲ್ಲಿ ಒಂದು ಬಂದೂಕು ಮೇಳಕ್ಕೆ ಹೋದೆ. ದೀಪಾವಳಿಗೆ ಮುಂಚೆ ಸೀರೆ ಮಾರಾಟ ನಡೆಯುವ ಭವನವೇ ಅದು. ಸುಮ್ಮನೆ ನೋಡಿ ಬರೋಣವೆಂದು ಗಂಡನನ್ನು ಎಳೆದುಕೊಂಡು ಹೋಗಿದ್ದೆ ಎಂದರೆ ಸುಳ್ಳಾಗುತ್ತದೆ. ಹುಡುಕುತ್ತಲೇ ಹೋಗಿದ್ದೆ. ಮೂರನೇ ಸಾಲಿನ ಮೇಜಿನ ಮೇಲೆ ಅದು ಮಲಗಿತ್ತು: ಶಿಬಿರದಲ್ಲಿ ಹಿಡಿದಿದ್ದಂಥದೇ ತ್ರೀ ನಾಟ್ ತ್ರೀ ಬಂದೂಕು. ಎರಡನೇ ಮಹಾಯುದ್ಧದ ಕಾಲದ್ದು, ಬಂಗಾಳದ ಇಛಾಪುರದಲ್ಲಿ ಮಾಡಿದ್ದು. ಪ್ರತಿ ಗುಂಡಿಗೂ ಬಲಗಡೆಯ ಬೋಲ್ಟನ್ನು ಕೈಯಿಂದ ಎತ್ತಿ, ಹಿಂದಕ್ಕೆಳೆದು, ಮುಂದಕ್ಕೆ ತಳ್ಳಬೇಕು. ಹಿಂಭಾಗದ ಹಿತ್ತಾಳೆ ಪಟ್ಟಿ ಮುಟ್ಟಿದೊಡನೆ ಬಲಭುಜದ ಹಳೆಯ ನೋವು ನೆನಪಾಯಿತು.

ಗಂಡ ಪಿಸುಗುಟ್ಟಿದರು, "ನಮ್ಮ ಮನೇಲಿ ಸೊಳ್ಳೆ ಬ್ಯಾಟ್‌ಗಿಂತ ದೊಡ್ಡ ಆಯುಧ ಇಲ್ಲ ಕಣೆ. ಇದನ್ನ ಎಲ್ಲಿ ಇಡ್ತೀಯ, ದೇವರ ಮನೇಲಾ?"

"ಬೇಸ್‌ಮೆಂಟಲ್ಲಿ, ಉಕ್ಕಿನ ಬೀರು ತಂದು ಬೀಗ ಹಾಕಿ ಇಡ್ತೀನಿ. ನೀವು ಒಂದು ಕೆಲಸ ಮಾಡಿದ್ರೆ ಸಾಕು. ನಾನು ಹೊಡೀವಾಗ ನನ್ನ ಮುಖದ ವಿಡಿಯೋ ತೆಗೀರಿ."

ಬಂದೂಕು ಕೊಳ್ಳುವ ಫಾರಂ ತುಂಬಿದೆ. ಪೌರತ್ವ ಸಿಕ್ಕಿ ಹಲವು ವರ್ಷಗಳಾಗಿದ್ದರೂ ಆ ಕಾಲಂ ತುಂಬುವಾಗ ಕೈ ನಿಧಾನವಾಯಿತು. ನನ್ನ ಹಿನ್ನೆಲೆ ಪರಿಶೀಲನೆಯ ಉತ್ತರ ಬರುವವರೆಗೆ ಕುರ್ಚಿ ಬಿಟ್ಟು ಏಳಲಿಲ್ಲ. ಹಿಡಿದ ಹಟ ಬಿಡುವವಳಲ್ಲವೆಂದು ಗೊತ್ತಾಗಿ ಗಂಡ ಕಾಫಿ ತರಲು ಹೋದರು.

ಊರಿಂದ ಪಶ್ಚಿಮಕ್ಕೆ ಒಂದು ಗಂಟೆ ಡ್ರೈವ್ ಮಾಡಿದರೆ ಗುರಿ ಅಭ್ಯಾಸದ ಬಯಲು. ಮುಂದಿನ ಶನಿವಾರ ಬೆಳಿಗ್ಗೆ ಅಲ್ಲಿದ್ದೆವು. ಶಿಬಿರದಲ್ಲಿದ್ದಷ್ಟೇ ದೂರಕ್ಕೆ, ಇಪ್ಪತ್ತೈದು ಗಜಕ್ಕೆ, ಹಾಳೆ ಸಿಕ್ಕಿಸಿದೆ. ಬಂದೂಕಿನ ಮುಂಭಾಗವನ್ನು ಮರಳಿನ ಚೀಲದ ಮೇಲಿಟ್ಟು ಬಲಭುಜಕ್ಕೆ ಒತ್ತಿಕೊಂಡೆ. ಬೆವರಿಗೆ ಕನ್ನಡಕ ಜಾರುತ್ತಿತ್ತು. ಹೆದರಿಕೆ ಇತ್ತು, ಇಲ್ಲವೆನ್ನುವುದಿಲ್ಲ. ಕಣ್ಣು ಕಿತ್ತು ಬಂದರೂ ಮುಚ್ಚುವುದಿಲ್ಲವೆಂದು ಹಲ್ಲು ಕಚ್ಚಿ ಐದು ಹೊಡೆದೆ.

ಎಲ್ಲರೂ ಬಂದೂಕು ಕೆಳಗಿಟ್ಟ ಮೇಲೆ ಹಾಳೆ ನೋಡಲು ನಡೆದೆವು. ನನ್ನದರಲ್ಲಿ ಒಂದು ತೂತೂ ಇರಲಿಲ್ಲ.

"ಕಣ್ಣು ಮುಚ್ಚಿದೆ, ಅಲ್ವಾ?" ಎಂದೆ.

ಗಂಡ ಫೋನಿನಲ್ಲಿ ವಿಡಿಯೋ ತೋರಿಸಿದರು. ಐದು ಸಲವೂ ನನ್ನ ಎರಡು ಕಣ್ಣುಗಳು ಗೂಬೆಯ ಕಣ್ಣಿನ ಹಾಗೆ ತೆರೆದಿದ್ದವು. ಇನ್ನೊಮ್ಮೆ ನೋಡಿದೆ. ರೆಪ್ಪೆ ಕೂಡ ಬಡಿದಿರಲಿಲ್ಲ.

ಅಷ್ಟರಲ್ಲಿ ನನ್ನ ಎಡಪಕ್ಕದಲ್ಲಿ ಹೊಡೆಯುತ್ತಿದ್ದವನು ತನ್ನ ಹಾಳೆ ಹಿಡಿದು ಬಂದ. ಅವನದು ಸಣ್ಣ ಬಂದೂಕು, ತೂತುಗಳು ಹೆಸರುಕಾಳಿನಷ್ಟು. ಅವುಗಳ ನಡುವೆ ಕಡಲೆಕಾಳಿನಷ್ಟು ದೊಡ್ಡವು ಐದಿದ್ದವು. ನನ್ನವೇ.

ಬಯಲಿನ ಮೇಲ್ವಿಚಾರಕ, ಬಿಳಿ ಗಡ್ಡದ ಹಿರಿಯ, ಸಿಟ್ಟಿನಿಂದಲೇ ಬಂದವನು ನನ್ನ ಮುಖ ನೋಡಿ ತಣ್ಣಗಾದ. ಎರಡೂ ಕೈ ಮುಂದೆ ಚಾಚಿ, ಬೆರಳುಗಳ ನಡುವೆ ಸಣ್ಣ ಕಿಂಡಿ ಮಾಡಿ, ದೂರದ ಕಂಬವನ್ನು ನೋಡಲು ಹೇಳಿದ. ಎಡಗಣ್ಣು ಮುಚ್ಚಿದಾಗ ಕಂಬ ಕಿಂಡಿಯಿಂದ ಮಾಯವಾಯಿತು. ಬಲಗಣ್ಣು ಮುಚ್ಚಿದಾಗ ಇದ್ದಲ್ಲೇ ಇತ್ತು. ನಾನು ಗುರಿ ನೋಡುವುದು ಎಡಗಣ್ಣಿನಿಂದಂತೆ. ಬಂದೂಕು ಬಲಭುಜದಲ್ಲಿಟ್ಟು ಎಡಗಣ್ಣಿನಿಂದ ನೋಡಿದರೆ ಗುಂಡು ಎಡಕ್ಕೆ, ಪಕ್ಕದವರ ಹಾಳೆಗೇ ಹೋಗುತ್ತದಂತೆ. ನೀವು ಎಡಗೈಯವರೇ ಎಂದು ಕೇಳಿದ.

ಇಲ್ಲ ಎನ್ನಲು ಬಾಯಿ ತೆರೆದೆ. ಅಜ್ಜಿಯ ಸೌಟು ನೆನಪಾಯಿತು. ಎಡಗೈಯಲ್ಲಿ ಬಳಪ ಹಿಡಿದಾಗಲೆಲ್ಲ ಗೆಣ್ಣಿನ ಮೇಲೆ ಬೀಳುತ್ತಿತ್ತು. "ಎಡಚಿ ಅನ್ನಿಸ್ಕೊಂಡ್ರೆ ಯಾರು ಮಾಡ್ಕೋತಾರೆ ನಿನ್ನ?" ಎನ್ನುತ್ತಿದ್ದರು. ಒಂದನೇ ತರಗತಿ ಮುಗಿಯುವುದರೊಳಗೆ ನಾನು ಬಲಗೈಯವಳಾಗಿದ್ದೆ. ಕೈ ಬದಲಾಗಿತ್ತು, ಕಣ್ಣಿಗೆ ಸೌಟು ತಗುಲಿರಲಿಲ್ಲ.

ಬಂದೂಕನ್ನು ಎಡಭುಜಕ್ಕೆ ತಂದೆ. ಬಲಗೈ ಬಿಡುವಾಗಿದ್ದುದರಿಂದ ಬೋಲ್ಟ್ ಎಳೆಯುವುದು ಇನ್ನೂ ಸಲೀಸಾಯಿತು. ಐದು ಹೊಡೆದೆ. ಐದೂ ನನ್ನ ಹಾಳೆಯಲ್ಲೇ ಬಿದ್ದವು, ಒಂದು ಅಂಗೈಯಗಲದೊಳಗೆ. ಗಂಡ ಶಿಳ್ಳೆ ಹೊಡೆದರು. ನನಗೆ ಅಳು ಬಂತು.

ವಾಪಸ್ ಬರುವಾಗ ಕಾರಿನಲ್ಲಿ ಇನ್ನೊಂದು ಲೆಕ್ಕ ತಲೆ ಕೊರೆಯತೊಡಗಿತು. ಶಿಬಿರದಲ್ಲೂ ನನ್ನ ಐದು ಗುಂಡು ಎಡಕ್ಕೇ ಹೋಗಿರಬೇಕು. ಹಾಗಿದ್ದರೆ ಗೆಳತಿಯ ಹಾಳೆಯಲ್ಲಿ ಹತ್ತು ತೂತಿರಬೇಕಿತ್ತಲ್ಲ. ಇದ್ದದ್ದು ಐದೇ.

ಅವಳೀಗ ಹಾಸನದಲ್ಲಿ ಹೈಸ್ಕೂಲಿನ ಹೆಡ್‌ಮೇಡಂ. ಆ ಕಪ್ ಅವಳ ಆಫೀಸಿನ ಗಾಜಿನ ಕಪಾಟಿನಲ್ಲಿದೆ, ಪ್ರತಿ ಸ್ವಾತಂತ್ರ್ಯ ದಿನದ ಫೋಟೋದಲ್ಲೂ ಕಾಣುತ್ತದೆ. ನಮ್ಮ ಸಂಜೆಗೆ, ಅಲ್ಲಿ ಭಾನುವಾರದ ಬೆಳಿಗ್ಗೆ ಆದೊಡನೆ ಫೋನ್ ಮಾಡಿದೆ. ಕುಶಲ ಕೇಳಲಿಲ್ಲ. ಎಡಗಣ್ಣಿನ ಕಥೆಯನ್ನೆಲ್ಲ ಹೇಳಿ, "ನಿನ್ನ ಐದು ಗುಂಡು ಎಲ್ಲಿಗೆ ಹೋದ್ವೆ?" ಎಂದೆ.

ಅವಳು ಹೋಗಿ ಕೂಗುತ್ತಿದ್ದ ಕುಕ್ಕರ್ ಆರಿಸಿ ಬಂದಳು.

"ಮೊದಲ್ನೇ ಗುಂಡಿಗೇ ಹೆದರಿ ಕಣ್ಮುಚ್ಚಿಬಿಟ್ಟೆ ಕಣೆ," ಎಂದಳು. "ಮಿಕ್ಕ ನಾಲ್ಕೂ ಮಣ್ಣಿಗೆ ಹೊಡೆದು ಮುಗಿಸ್ದೆ. ಹಾಳೇಲಿ ಐದು ತೂತು ನೋಡಿ ನಂಗೇ ತಲೆ ಕೆಟ್ಟೋಯ್ತು. ನಿಂದು ಖಾಲಿ ಇತ್ತು. ಅವತ್ತೇ ಗೊತ್ತಾಯ್ತು."

"ಗೊತ್ತಿದ್ದೂ ನನ್ನ ಕಣ್ಣಾಮುಚ್ಚಾಲೆ ಅಂತ ಕರೆದ್ಯಲ್ಲೇ."

"ಕರೆದೆ. ಕಪ್ ಕೊರಿಯರ್ ಮಾಡ್ತೀನಿ ಕಣೆ, ನಾಳೇನೇ."

ಮೈ ಉರಿದುಹೋಯಿತು. ಇಷ್ಟು ವರ್ಷ ಇವಳ ಮಗುವಿನ ನಾಮಕರಣಕ್ಕೆ, ಗೃಹಪ್ರವೇಶಕ್ಕೆ ಉಡುಗೊರೆ ಕಳಿಸಿದ್ದೆ. ಒಲೆಗೆ ಹಾಕಿದ ಅರ್ಜಿಯನ್ನೂ ಕೊರಿಯರ್ ಮಾಡ್ತೀಯಾ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಆದರೆ ಅದನ್ನು ಹರಿದದ್ದು ನನ್ನ ಕೈಯೇ. ಕಣ್ಣು ಮುಚ್ಚಿದ್ದೆನೆಂದು ಬೇರೆಯವರು ಹೇಳಿದ್ದನ್ನು, ಒಮ್ಮೆಯೂ ಎದುರು ಪ್ರಶ್ನೆ ಹಾಕದೆ ನಂಬಿದವಳೂ ನಾನೇ.

"ಕಪ್ ಅಲ್ಲೇ ಇರಲಿ," ಎಂದೆ. "ಈ ಸಲ ಸ್ವಾತಂತ್ರ್ಯ ದಿನಕ್ಕೆ ಧ್ವಜ ಹಾರಿಸಿದ ಮೇಲೆ, ಮೈಕ್ ಹಿಡ್ಕೊಂಡು ನಿನ್ನ ಸ್ಕೂಲಿನ ಮಕ್ಕಳಿಗೆಲ್ಲ ಹೇಳು. ಯಾರು ಕಣ್ಣು ಮುಚ್ಚಿದ್ದು, ಯಾರು ತೆರೆದಿದ್ದು ಅಂತ."

ಅವಳು ಹೂಂ ಎಂದಳು. ಹೇಳುತ್ತಾಳೋ ಇಲ್ಲವೋ ನೋಡಬೇಕು. ವಿಡಿಯೋ ಕಳಿಸು ಎಂದಿದ್ದೇನೆ.

ಫೋನ್ ಇಟ್ಟಾಗ ಗಂಡ ಬೇಸ್‌ಮೆಂಟಿನ ಬಾಗಿಲಲ್ಲಿ ನಿಂತಿದ್ದರು. "ಕೇಸ್ ಮುಗೀತಲ್ಲ. ಇನ್ನು ಅದನ್ನ ಮಾರಿಬಿಡೋಣ್ವಾ?"

"ಶನಿವಾರ ಎಂಟಕ್ಕೆ ರೆಡಿ ಇರಿ," ಎಂದೆ. "ಈ ಸಲ ಐವತ್ತು ಗಜ."