ಬಿಡಿಸಲಾಗದ ಅಂಗೈಗೆ ಫಾಲ್ಟ್

“ಫಾಲ್ಟ್!” ಎಂದು ನಾನು ಕೂಗಿದ ಕೂಡಲೇ ನನ್ನ ತಂಗಿ ಬ್ಯಾಟನ್ನು ಟೇಬಲ್ ಮೇಲಿಟ್ಟಳು. ಎಪ್ಪತ್ತರ ದಶಕ, ಮುಳಬಾಗಿಲಿನ ಒಂದು ಕ್ಲಬ್ಬಿನಲ್ಲಿ ಹುಡುಗಿಯರ ಟೇಬಲ್ ಟೆನಿಸ್ ಫೈನಲ್. ಎದುರಾಳಿಗೆ ಇಪ್ಪತ್ತು, ಇವಳಿಗೆ ಹತ್ತೊಂಬತ್ತು. ಆಗೆಲ್ಲ ಇಪ್ಪತ್ತೊಂದಕ್ಕೆ ಆಟ. ನನ್ನ ಒಂದೇ ಕೂಗಿಗೆ ಇವಳು ಸೋತಳು.

ನಾನು ಆರನೇ ಕ್ಲಾಸಿಗೇ ಶಾಲೆ ಬಿಟ್ಟವನು, ಕ್ಲಬ್ಬಿನಲ್ಲಿ ನೆಟ್ ಕಟ್ಟುವ ಆಳು. ಅಂಪೈರ್ ಬಾರದೆ ಅವತ್ತು ಅವರ ಕುರ್ಚಿ ಸಿಕ್ಕಿತ್ತು, ತಲೆಯೂ ತಿರುಗಿತ್ತು. ಸರ್ವಿಸ್ ಮಾಡುವವರು ಚೆಂಡನ್ನು ಬಿಡಿಸಿದ ಅಂಗೈ ಮೇಲಿಟ್ಟು ಎಸೆಯಬೇಕು ಎಂದು ಕ್ಲಬ್ಬಿನ ರೂಲ್ಸ್ ಬುಕ್ಕಿನಲ್ಲಿ ಓದಿದ್ದೆ. ತಂಗಿಯ ಎಡಗೈ ಬೆರಳುಗಳನ್ನು ಬಿಡಿಸಲು ಬರುವುದಿಲ್ಲ. ಅದು ಗೊತ್ತಿದ್ದೇ ಅಲ್ಲಿಯವರೆಗೆ ಸುಮ್ಮನಿದ್ದೆ. ಅಷ್ಟರಲ್ಲಿ ಹಿಂದಿನಿಂದ ಯಾರೋ, “ಏನ್ಲಾ, ತಂಗಿ ಅಂತ ಬಿಡ್ತಾ ಇದ್ದೀಯಾ?” ಎಂದು ನಕ್ಕರು. ನನ್ನ ದೊಡ್ಡಸ್ತಿಕೆ ಕೆರಳಲು ಅಷ್ಟೇ ಸಾಕಾಯಿತು.

ತಂಗಿ ಎಡಗೈಯನ್ನು ನನ್ನ ಮುಖದ ಮುಂದೆ ಹಿಡಿದಳು. “ಅಣ್ಣಾ, ಈ ಬೆರಳು ಮುರುಟಿಸಿದ್ದು ಯಾರು ಅಂತಾನೂ ನಿನ್ನ ರೂಲ್ಸ್ ಬುಕ್ಕಲ್ಲಿ ಬರ್ದಿದ್ಯಾ?”

ಚಿಕ್ಕವರಿದ್ದಾಗ ರೇಷ್ಮೆಗೂಡು ಬೇಯಿಸುವ ಕುದಿನೀರನ್ನು ಕುಚೇಷ್ಟೆ ಮಾಡುತ್ತಾ ಅವಳ ಕೈಮೇಲೆ ಮಗುಚಿದವನು ನಾನೇ. ಅಂಥ ಕೈಯಿದ್ದವರಿಗೆ ಅಂಪೈರ್ ರಿಯಾಯಿತಿ ಕೊಡಬಹುದೆಂದು ಅದೇ ಪುಸ್ತಕದಲ್ಲಿ ಮುಂದೆ ಬರೆದಿತ್ತಂತೆ. ನಾಲ್ಕು ಸಾಲು ಓದಿ ಪಂಡಿತನಾದ ನಾನು ಅಲ್ಲಿಯವರೆಗೆ ಹೋಗಿರಲಿಲ್ಲ.

ಈಗಲೂ ಆ ಕಾಲದವರು ಸಿಕ್ಕರೆ, ಸ್ವಂತ ತಂಗಿಯನ್ನೂ ಬಿಡದ ನ್ಯಾಯವಂತ ಎಂದು ನನ್ನನ್ನು ಹೊಗಳುತ್ತಾರೆ. ಪಕ್ಕದಲ್ಲಿ ತಂಗಿ ನಿಂತಿದ್ದಾಗಲೂ, ಮಾನಗೆಟ್ಟ ನಾನು, ಹೌದೆಂದು ತಲೆಯಾಡಿಸಿದ್ದೇನೆ.