ಬೇರಿನ ಪೆರೇರಾ, ಕಸಿಯ ಪೆರೇರಾ

ಮಿನ್ಯು ಸೀಮೆಯ ಸೊಬ್ರೇಡು ಹಳ್ಳಿಯಲ್ಲಿ ಕಲ್ಲೆಸೆದರೆ ಅದು ಯಾವನಾದರೊಬ್ಬ ಪೆರೇರಾನ ತಲೆಗೇ ಬೀಳಬೇಕು. ಪೆರೇರಾ ಅಂದರೆ ಅಲ್ಲಿನ ಮಾತಿನಲ್ಲಿ ಮರಸೇಬಿನ, ಅಂದರೆ ಪೇರ್ ಹಣ್ಣಿನ ಮರ. ಇಗರ್ಜಿ ಅಂಗಳದ ಹಳೆಯ ಮರದಿಂದಲೇ ತಮಗೆ ಆ ಹೆಸರು ಬಂತು, ತಮ್ಮಿಂದಲೇ ಬ್ರೆಜಿಲ್‌ಗೂ ಗೋವೆಗೂ ಹೋಯಿತು ಎಂದು ಊರವರ ಹೆಮ್ಮೆ. ಆ ಹೆಮ್ಮೆಯಲ್ಲಿ ಎರ್ಮೆಲಿಂದಾ ಪೆರೇರಾಳಿಗೆ ಮಾತ್ರ ಪಾಲಿರಲಿಲ್ಲ. ಅವಳ ಅಜ್ಜ ಜಸೀಂತು, ಯಾರೋ ಹೆತ್ತು, ಸನ್ಯಾಸಿನಿಯರ ಮಠದ ಗೋಡೆಯಲ್ಲಿ ಅನಾಥ ಕೂಸುಗಳಿಗೆಂದೇ ಇಟ್ಟಿದ್ದ ತಿರುಗುಪೆಟ್ಟಿಗೆಯಲ್ಲಿ ಬಿಟ್ಟುಹೋದ ಕೂಸು. ಸಾಕಿಕೊಂಡ ಸೂಲಗಿತ್ತಿ ಅಸುಂಪ್ತಾ ಪೆರೇರಾ ತನ್ನ ಮನೆತನದ ಹೆಸರನ್ನೇ ಅವನಿಗೂ ಕೊಟ್ಟಿದ್ದಳು.

ಅಜ್ಜ ಮೊಮ್ಮಗಳಿಗೆ ಕಸಿ ಕಟ್ಟುವುದನ್ನು ಕಲಿಸಿ ಹೋದ. ಅರವತ್ತು ದಾಟಿದರೂ ಅವಳು ಚಾಕು ಸೊಂಟಕ್ಕೆ ಸಿಕ್ಕಿಸಿಕೊಂಡು ಏಣಿ ಹತ್ತುವವಳೇ. ಅವಳ ಬಾಯಿಯೂ ಆ ಚಾಕುವಿನಷ್ಟೇ ಹರಿತ.

ಒಂದು ಚಳಿಗಾಲ ಬಿರುಗಾಳಿಗೆ ಇಗರ್ಜಿಯ ಮರ ಮುರಿದು ಬಿತ್ತು. ವಸಂತದಲ್ಲಿ ಅದರ ಬೇರಿನಿಂದ ಚಿಗುರೆದ್ದಾಗ ಊರ ಹಿರಿಯ ಅಬೀಲಿಯು ಪೆರೇರಾ ಸುತ್ತ ಬೇಲಿ ಕಟ್ಟಿಸಿದ.

"ಅಬೀಲಿಯಣ್ಣ, ಅದು ಕಾಡುಬೇರು. ನಾವು ತಿಂತಿದ್ದ ಹಣ್ಣು ಅದರ ಮೇಲೆ ಕಟ್ಟಿದ ಕಸಿಯದು," ಎಂದಳು ಎರ್ಮೆಲಿಂದಾ.

"ನಿನ್ನಜ್ಜನಿಗೇ ಬೇರಿರಲಿಲ್ಲ, ನೀನು ನಂಗೆ ಬೇರಿನ ಪಾಠ ಹೇಳ್ತೀಯಾ?"

ಊರೆಲ್ಲ ನಕ್ಕಿತು. ಎರ್ಮೆಲಿಂದಾ ಬೆನ್ನು ತಿರುಗಿಸಿ ಮನೆಗೆ ನಡೆದಳು. ಬಿದ್ದ ಕೊಂಬೆಯಿಂದ ಎರಡು ಕಡ್ಡಿ ಆಗಲೇ ತನ್ನ ಹಿತ್ತಲಿನ ಗಿಡಕ್ಕೆ ಕಸಿ ಕಟ್ಟಿದ್ದಳು. ಆ ಸುದ್ದಿಯನ್ನು ಮಾತ್ರ ಬಾಯಿ ಬಿಡಲಿಲ್ಲ.

ಏಳು ವರ್ಷ ಕಳೆದು ಒಂದು ಆಗಸ್ಟ್‌ನಲ್ಲಿ ಲೋಕದ ಪೆರೇರಾಗಳೆಲ್ಲ ಕುಲದ ಕೂಟಕ್ಕೆಂದು ಸೊಬ್ರೇಡುವಿಗೆ ಬಂದಿಳಿದರು. ಮೆಕ್ಕೆಜೋಳದ ರೊಟ್ಟಿ, ಉಪ್ಪುಮೀನು, ಆ ಸೀಮೆಯ ಹಸಿರು ವೈನು. ಊರಿಗೆ ಊರೇ ಹುಚ್ಚೆದ್ದಂತಿತ್ತು. ಇಗರ್ಜಿ ಗೋಡೆಗೆ ಮರದ ಚಿತ್ರ ಬರೆದ ದೊಡ್ಡ ಬಟ್ಟೆ, ಕೊಂಬೆಕೊಂಬೆಗೂ ಹೆಸರು. ಅಜ್ಜನ ಹೆಸರೊಂದು ಅಲ್ಲಿ ಸೇರಲಿ ಎಂದು ಎರ್ಮೆಲಿಂದಾ ಮೂರು ಸಲ ಕೇಳಿದಳು. ಅಬೀಲಿಯು ಮೂರು ಸಲವೂ ಆಗದೆಂದು ತಲೆಯಾಡಿಸಿದ. ರಕ್ತಸಂಬಂಧ ಬೇಕಂತೆ.

ಆಮೇಲೆ ಅವನು ಬೇಲಿಯೊಳಗಿನ ಮರದ ಮೊದಲ ಹಣ್ಣು ಕೊಯ್ದು, ಎಲ್ಲರಿಗಿಂತ ದೂರದಿಂದ ಬಂದಿದ್ದ ಮಂಗಳೂರಿನ ಐರಿನ್ ಪೆರೇರಾಳಿಗೆ ಕೊಟ್ಟ. ಕಚ್ಚಿದವಳ ಮುಖ ಕಿವುಚಿಕೊಂಡಿತು. ತಾನೂ ಕಚ್ಚಿದ. ಕಲ್ಲಿನಷ್ಟು ಗಟ್ಟಿ, ಒಗರೋ ಒಗರು. ಊರಿನ ತೊಂಬತ್ತರ ಮುದುಕಿ ಫೆಲಿಸ್ಮೀನಾ ಥೂ ಎಂದು ಉಗಿದೇಬಿಟ್ಟಳು.

ಎರ್ಮೆಲಿಂದಾ ಮನೆಗೆ ಓಡಿದಳು. ಬುಟ್ಟಿ ತಂದು ಮುದುಕಿಯ ಕೈಗೇ ಒಂದು ಹಣ್ಣಿಟ್ಟಳು. ಮುದುಕಿ ತಿಂದಳು. ಗದ್ದದ ಮೇಲೆ ರಸ, ಕಣ್ಣಲ್ಲಿ ನೀರು.

"ಇದೇ ಕಣ್ರೋ ನಮ್ಮ ಇಗರ್ಜಿ ಹಣ್ಣು. ಎಲ್ಲಿತ್ತೇ ಇದು?"

"ನಮ್ಮ ಹಿತ್ತಲಲ್ಲಿ. ಬೇರು ಯಾರದ್ದೋ, ಕುಡಿ ನಮ್ಮ ಮರದ್ದು."

ಐರಿನ್ ನಕ್ಕಳು. "ನಾವೂ ಕಸಿಯವರೇ. ನಮ್ಮ ಹಿರಿಯರಿಗೆ ಈ ಹೆಸರು ಕೊಟ್ಟಿದ್ದು ಜ್ಞಾನಸ್ನಾನ ಮಾಡಿಸಿದ ಪಾದ್ರಿ. ರಕ್ತವೇ ಬೇಕಾದರೆ ನನ್ನ ಹೆಸರನ್ನೂ ಬಟ್ಟೆಯಿಂದ ಅಳಿಸ್ತೀರಾ?"

ಅಬೀಲಿಯು ಬುಟ್ಟಿಯಿಂದ ಎರಡನೇ ಹಣ್ಣು ತೆಗೆದು ತಿಂದ. ಬೀಜ ಜೇಬಿಗೆ ಹಾಕಿಕೊಂಡ. ತಾನಾಗಿಯೇ ಹೋಗಿ ಕುಂಚ ತಂದ. ಬಟ್ಟೆಯೆದುರು ನಿಂತವನಿಗೆ ಮಾತ್ರ ಕೈ ಓಡಲಿಲ್ಲ.

"ಜಸೀಂತು ಹೆಸರು ಎಲ್ಲಿ ಅಂತ ಬರೀಲಿ, ಎರ್ಮೆಲಿಂದಾ? ಅವನಪ್ಪ ಯಾರು ಅಂತ ಗೊತ್ತಿಲ್ವಲ್ಲ."

"ಅಸುಂಪ್ತಾಳ ಕೊಂಬೆಗೆ ಬರಿ," ಎಂದಳು. "ಅವನನ್ನ ಕಸಿ ಕಟ್ಟಿದ್ದು ಅಲ್ಲೇ ಅಲ್ವಾ."