ಫಿಯಾಟಿನ ತಗಡಿನ ರೆಕ್ಕೆ

ರಾಚಪ್ಪ ಸತ್ತ ಮೇಲೆ ಜನ ಅವನ ಬಗ್ಗೆ ಎರಡೇ ಮಾತು ಆಡಿದರು. ಒಂದು, ತೂಕದಲ್ಲಿ ಎಂದೂ ಮೋಸ ಮಾಡಲಿಲ್ಲ. ಎರಡು, ಗಾಡಿಗೆ ರೆಕ್ಕೆ ಹಚ್ಚಿ ಉಡಿ ತುಂಬುವ ಸಾಮಾನನ್ನು ರಸ್ತೆಗೆ ಚೆಲ್ಲಿದ. ಮೊದಲನೆಯದು ಖರೆ. ಎರಡನೆಯದು ಅರ್ಧ ಖರೆ. ಉಳಿದರ್ಧ ಅವನ ಹೆಂಡತಿ ನೀಲಗಂಗಾಳ ಹೊಟ್ಟೆಯಲ್ಲಿತ್ತು.

ಸೊಲ್ಲಾಪುರದಲ್ಲಿ ಅಣ್ಣತಮ್ಮಂದಿರದು ಕಾಳುಕಡಿಯ ಅಂಗಡಿ. ಅಣ್ಣ ಸಾತಲಿಂಗಪ್ಪ ಗಲ್ಲೆಯ ಮೇಲೆ ಕೂಡುವವ. ತಮ್ಮ ರಾಚಪ್ಪ ಮಾಲಿಗಾಗಿ ಊರೂರು ತಿರುಗುವವ. ಅದಕ್ಕೆಂದೇ ಯಾರೋ ಓಡಿಸಿ ಬಿಟ್ಟ ಫಿಯಾಟ್ ಒಂದನ್ನು ಕೊಂಡಿದ್ದರು. ರಾಚಪ್ಪನಿಗೆ ಮಕ್ಕಳಿರಲಿಲ್ಲ. ಆ ಗಾಡಿಯನ್ನೇ ಮೈತೊಳೆದು ಒರೆಸಿ ಜೋಪಾನ ಮಾಡುತ್ತಿದ್ದ.

ಎಪ್ಪತ್ಮೂರನೆಯ ಇಸವಿಯಲ್ಲಿ, ಪುಡಿಕೆ ಕಟ್ಟಲು ತಂದ ರದ್ದಿಯಲ್ಲಿ ಪರದೇಶದ ಪುಸ್ತಕದ ಹಾಳೆಯೊಂದು ಸಿಕ್ಕಿತು. ಪಂದ್ಯದಲ್ಲಿ ಓಡುವ ಗಾಡಿಯ ಚಿತ್ರ. ಬೆನ್ನ ಮೇಲೆ ಹಲಗೆಯಂಥ ರೆಕ್ಕೆ. ರಾಚಪ್ಪ ಆ ಹಾಳೆಯಲ್ಲಿ ಬೆಲ್ಲ ಕಟ್ಟಲಿಲ್ಲ. ಓಣಿಯ ಮಾಸ್ತರರ ಹತ್ತಿರ ಓದಿಸಿಕೊಂಡು ಬಂದ.

“ಗಾಳಿ ಬಂದು ಇದರ ಮ್ಯಾಲ ಕುಂಡ್ರತದ. ಗಾಡೀನ ನೆಲಕ್ಕ ಒತ್ತತದ. ಎಷ್ಟು ಜೋರ್ ಓಡಿಸಿದ್ರೂ ಅಲ್ಲಾಡಂಗಿಲ್ಲ,” ಎಂದ.

“ಗಾಳಿಗೂ ಕುಂಡ್ರಾಕ ಕಟ್ಟಿ ಕಟ್ಟಾಕತ್ತೀರೇನು?” ಎಂದು ನೀಲಗಂಗಾ ನಕ್ಕಳು.

ಅಂಗಡಿಯ ಸೂಟಿ ದಿನ ಬಂದರೆ ಅಂಗಳದಲ್ಲಿ ಟಣಟಣ. ಎಣ್ಣೆಯ ಡಬ್ಬಿ ಸೀಳಿ ತಗಡು ಮಾಡಿದ. ಎರಡು ತಗಡಿನ ನಡುವೆ ಬಿದಿರಿನ ದಬ್ಬೆ ಇಟ್ಟು ಅಂಚು ಮಡಚಿದ. ಮುಂದಿನ ಬಂಪರಿನ ಕೆಳಗೂ ತುಟಿಯ ಹಾಗೆ ಒಂದು ಪಟ್ಟಿ ಬಿಗಿದ. ಡಿಕ್ಕಿಯ ಮುಚ್ಚಳಕ್ಕೆ ಕೈಡ್ರಿಲ್ಲಿನಿಂದ ತೂತು ಹೊಡೆಯುವಾಗ ನೀಲಗಂಗಾ ಮೈಭಾರ ಹಾಕಿ ಹಿಡಿದಳು. ತಗಡು ತಾಗಿ ಅಂಗೈ ಕೊಯ್ದಿತು. ಅವನೇ ಅರಿಶಿನ ಒತ್ತಿದ. ಮಳೆನೀರು ಇಳಿಯಬಾರದೆಂದು ಸೈಕಲ್ ಟ್ಯೂಬು ಕತ್ತರಿಸಿ ಪ್ರತಿ ಬೋಲ್ಟಿನ ಕೆಳಗೂ ಇಟ್ಟ. ಅಂಗಡಿಯ ಬಾಗಿಲಿಗೆ ಹಚ್ಚಿ ಉಳಿದಿದ್ದ ನೀಲಿ ಬಣ್ಣ ಬಳಿದ. ರೆಕ್ಕೆಗೆ ಮುಂದೆ ಗಿಡ್ಡ ಕಾಲು, ಹಿಂದೆ ಉದ್ದ ಕಾಲು ಕೊಟ್ಟಿದ್ದ; ಚಿತ್ರದಲ್ಲಿದ್ದಂತೆ ಹಿಂದಿನ ಅಂಚು ನಾಲ್ಕು ಬೆರಳು ಮೇಲಿತ್ತು.

ಮರುದಿನ ಅಕ್ಕಲಕೋಟೆಯಲ್ಲಿ ಸಾತಲಿಂಗಪ್ಪನ ಮಗ ಶಾಂತಪ್ಪನ ನಿಶ್ಚಯ. ನೀಲಗಂಗಾ ಓಣಿಗೆ ಹೋಗಿ ನಿಂತು ಗಾಡಿ ನೋಡಿದಳು. ಕೋಳಿ ಬಾಲ ಎತ್ತಿ ನಿಂತಂತೆ ಕಂಡಿತು. ನಾಚಿ ಒಳಗೆ ಬಂದು ಗಂಡನಿಗೆ ಹೇಳಿದಳು.

“ಹಿಂದಿನ ಅಂಚು ಕೆಳಗ ಮಾಡ್ರಿ. ತಲಿ ತಗ್ಗಿಸಿ ಕುಂತಂಗ ಇರ್ಲಿ. ನಾಳಿ ಬೀಗರ ಮುಂದ ನನ್ನ ಮಾರಿ ಎಲ್ಲಿ ಇಟ್ಕೊಳ್ಳಲಿ?”

“ಫೋಟೋದಾಗ ಮ್ಯಾಲನ ಅದಲ್ಲಾ?”

“ಫೋಟೋದಾಗಿನವ್ರಿಗೆ ಬೀಗರಿಲ್ಲ.”

ರಾಚಪ್ಪ ಗಾಡಿ ನೋಡಿದ, ಹೆಂಡತಿಯ ಮುಖ ನೋಡಿದ. ಬೋಲ್ಟು ಬಿಚ್ಚಿದ. ರೆಕ್ಕೆಯ ಉದ್ದ ಕಾಲು ಮುಂದೆ, ಗಿಡ್ಡ ಕಾಲು ಹಿಂದೆ ಮಾಡಿ ಮತ್ತೆ ಬಿಗಿದ.

ಬೆಳಿಗ್ಗೆ ಉಳಿದ ಗಂಡಸರು ಮೊದಲ ಬಸ್ಸಿಗೆ ಹೋದರು. ಗಾಡಿಯಲ್ಲಿ ರಾಚಪ್ಪ, ನೀಲಗಂಗಾ ಮತ್ತು ವರನ ತಾಯಿ ಶಾರದಾಬಾಯಿ. ಶಾರದಾಬಾಯಿಯ ನಾಲಿಗೆಗೆ ಎಲುಬಿಲ್ಲ.

“ರಾಚಪ್ಪ, ಇದರ ಮ್ಯಾಲ ಹಪ್ಪಳ ಒಣ ಹಾಕೋದೇನು?”

“ಹಾಕ್ರಿ ವೈನಿ. ಅಕ್ಕಲಕೋಟಿ ಮುಟ್ಟೂದ್ರಾಗ ಒಣಗ್ತಾವ.”

ಡಿಕ್ಕಿಯ ತುಂಬ ಹೆಣ್ಣಿಗೆ ಒಯ್ಯುವ ಸಾಮಾನು. ಉಡಿ ಅಕ್ಕಿ, ಕೊಬ್ಬರಿ, ಉತ್ತತ್ತಿ, ಸಕ್ಕರೆಯ ಪುಡಿಕೆ. ಎಲ್ಲದರ ಮೇಲೆ ಅಗಲ ತಟ್ಟೆಯಂಥ ಪರಾತಿನಲ್ಲಿ ಹಸಿರು ಇಲಕಲ್ ಸೀರೆ. ಕುಂಭಾರಿ ಊರು ದಾಟಿತು. ರಸ್ತೆ ನೆಟ್ಟಗಾಯಿತು. ರಾಚಪ್ಪ ಜೋರು ಮಾಡಿದ. ಗಾಡಿಯ ಹಿಂಭಾಗ ಹಗುರಾದಂತಾಯಿತು. ಒಂದು ತೆಗ್ಗು ಬಂತು. ಚಕ್ರ ಎಗರಿತು, ಡಿಕ್ಕಿಯ ಹಳೆಯ ಚಿಲಕ ಬಿಟ್ಟಿತು, ಮುಚ್ಚಳ ಧಡ್ ಎಂದು ಮೇಲೆದ್ದಿತು. ಪರಾತು ಹಾರಿ ರಸ್ತೆಗೆ ಬಿತ್ತು. ಅಕ್ಕಿ ಹರಡಿತು, ಸಕ್ಕರೆ ಮಣ್ಣಾಯಿತು. ಹಿಂದೆ ಬರುತ್ತಿದ್ದ ಲಾರಿ ಸೀರೆಯ ಮೇಲೆ ಹಾಯ್ದು ಹೋಯಿತು.

ಉಡಿ ಅಕ್ಕಿ ನೆಲಕ್ಕೆ ಬೀಳಬಾರದು. ಬಿದ್ದರೆ ಆ ಹೆಣ್ಣಿಗೆ ಚಲೋ ಅಲ್ಲ ಎನ್ನುತ್ತಾರೆ. ಶಾರದಾಬಾಯಿ ಎದೆ ಬಡಿದುಕೊಂಡಳು. ಹೊಲದಲ್ಲಿ ಕಳೆ ತೆಗೆಯುತ್ತಿದ್ದ ಹೆಂಗಸರು ಓಡಿಬಂದು ಆಯಲು ಕೂತರು. ಒಬ್ಬಳು, “ಸಾವ್ಕಾರ್ರ, ಗಾಡಿಗೆ ರೆಕ್ಕಿ ಹಚ್ಚೀರಿ, ಪುಕ್ಕ ಮರತೀರೇನು?” ಎಂದಳು. ಎಲ್ಲರೂ ನಕ್ಕರು.

ನೀಲಗಂಗಾ ಸೆರಗಿನಲ್ಲಿ ಅಕ್ಕಿ ಬಳಿಯುತ್ತಿದ್ದಳು. ಕೈ ಅಲ್ಲೇ ನಿಂತಿತು. ಮೊರದಲ್ಲಿ ಕಾಳು ಕೇರಿ ಹಸನು ಮಾಡಿಯೇ ಬೆಳೆದವಳು ಅವಳು. ಎದುರುಗಾಳಿಗೆ ಮೊರದ ಮುಂದಿನ ಅಂಚು ಎತ್ತಿ ಹಿಡಿದರೆ ಗಾಳಿ ಕೆಳಗೆ ಹೊಕ್ಕು ಮೊರವನ್ನೇ ಎತ್ತುತ್ತದೆ. ಗಂಡ ಮೊದಲು ಹಚ್ಚಿದ್ದು ಸರಿ ಇತ್ತು. ಗಾಳಿ ಅದನ್ನು ಎತ್ತುವಂತೆ ಮಾಡಿದವಳು ತಾನು.

ಬೀಗರ ಪಡಸಾಲೆಯಲ್ಲಿ ಹಿರಿಯರೆಲ್ಲ ಕೂತಿದ್ದರು. ಶಾರದಾಬಾಯಿ ಒಂದೂ ಬಿಡದೆ ಹೇಳಿದಳು. ಹೆಣ್ಣಿನ ಅಜ್ಜಿ, “ಅಪಶಕುನ ಆತಲ್ಲವ್ವ,” ಎಂದು ಎದ್ದು ಒಳಗೆ ಹೋದಳು. ಹೆಣ್ಣಿನ ತಂದೆಯ ಮುಖ ಕಪ್ಪಿಟ್ಟಿತು.

“ಹಿಂಗ ಹಚ್ಚಂತ ಯಾರು ಹೇಳಿದ್ರಪಾ ನಿನಗ?” ಎಂದು ರಾಚಪ್ಪನನ್ನು ಕೇಳಿದ.

ರಾಚಪ್ಪ ಹೆಂಡತಿಯ ಕಡೆ ನೋಡಿದ. ಬರೀ ನೋಡಿದ, ಅಷ್ಟೆ. ನೀಲಗಂಗಾ ನಿಜ ಹೇಳಬೇಕೆಂದೇ ಬಾಯಿ ತೆರೆದಳು. ಬಂದದ್ದು ಬೇರೆ.

“ನಾ ಬ್ಯಾಡ ಬ್ಯಾಡ ಅಂತ ಬಡಕೊಂಡೆ ರೀ. ನನ್ನ ಮಾತು ಎಲ್ಲಿ ಕೇಳ್ತಾರ ಇವರು.”

ರಾಚಪ್ಪ ತಲೆ ತಗ್ಗಿಸಿದ. “ಹೌದ್ರಿ. ಆಕಿ ಬ್ಯಾಡಂದಿದ್ಲು. ತಪ್ಪು ನಂದು,” ಎಂದ. ತನಗಿಂತ ಸಣ್ಣವರೂ ನೋಡುತ್ತಿದ್ದಂತೆ ಹಿರಿಯರ ಕಾಲನ್ನು ಒಬ್ಬೊಬ್ಬರದಾಗಿ ಮುಟ್ಟಿದ. ಪೇಟೆಗೆ ಹೋಗಿ ಬೇರೆ ಸೀರೆ ತಂದ. ನಿಶ್ಚಯ ಆಯಿತು.

ಮನೆಗೆ ಬಂದವನೇ ರೆಕ್ಕೆ ಬಿಚ್ಚಿ ಗುಜರಿಗೆ ಹಾಕಿದ. ನೀಲಗಂಗಾ ಅವನ ಬೈಗುಳಕ್ಕಾಗಿ ಕಾದಳು. ಬೈದಿದ್ದರೆ ಅಲ್ಲಿಗೆ ತೀರುತ್ತಿತ್ತು. ಅವನು ಬೈಯಲಿಲ್ಲ. ಅಂದೂ ಇಲ್ಲ, ಮುಂದೂ ಇಲ್ಲ. ಗಾಡಿಯನ್ನು ವಿಮಾನ ಮಾಡಿದವನೆಂದು ಗಿರಾಕಿಗಳು ಅವನನ್ನು ‘ಇಮಾನ ರಾಚಪ್ಪ’ ಎಂದು ಕರೆದರು. “ಇಮಾನ ಇಳದದ, ಏನು ಕಟ್ಟಲಿ ಹೇಳ್ರಿ,” ಎಂದು ಅವನೂ ನಗುತ್ತಿದ್ದ. ಆದರೆ ಸುತ್ತಿಗೆ ಮುಟ್ಟಲಿಲ್ಲ. ಬಾಗಿಲಿನ ಬಿಜಾಗ್ರಿ ಕಿತ್ತರೂ ಬಡಿಗನನ್ನು ಕರೆಸಿದ.

ಐದು ವರ್ಷ ಹೋದವು. ನಾಳೆ ಹೇಳಿದರಾಯಿತು ಎಂದುಕೊಂಡೇ ಹೋದವು. ಎಪ್ಪತ್ತೆಂಟರಲ್ಲಿ ಜ್ವರ ಬಂತು. ಮೂರನೆಯ ದಿನ ನೀಲಗಂಗಾ ಹಾಸಿಗೆಯ ಬದಿಗೆ ಕೂತು, “ಆ ರೆಕ್ಕಿ ಮಾತು…” ಎಂದಳು. ಅವನು, “ನೀರು ಕೊಡು,” ಎಂದ. ಕೊಟ್ಟಳು. ಸಂಜೆಗೆ ಹೋಗಿಬಿಟ್ಟ.

ಸತ್ತವನ ಹೆಸರಿನಲ್ಲಿ ಊಟ ಹಾಕುವ ಗಣಾರಾಧನೆಯ ದಿನ ಹೆಂಗಸರ ಪಂಕ್ತಿಯಲ್ಲಿ ಶಾರದಾಬಾಯಿ ಅಳುತ್ತಲೇ ಕುಂಭಾರಿ ರಸ್ತೆಯ ಕತೆ ತೆಗೆದಳು. ನಡುವೆ ಅವಳಿಗೇ ನಗೆ ಬಂತು. ಉಳಿದವರೂ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ನೀಲಗಂಗಾ ಗೋಡೆಗೆ ಒರಗಿ ಕೂತಿದ್ದಳು.

“ಅಕ್ಕಾ, ಅವರು ಸರಿ ಹಚ್ಚಿದ್ರು. ತಿರುವಿ ಹಚ್ಚರಿ ಅಂದಾಕಿ ನಾನು. ಬೀಗರ ಮುಂದ ಸುಳ್ಳ ಹೇಳಿದೆ.”

ನಗು ನಿಂತಿತು. ಶಾರದಾಬಾಯಿ ಕಣ್ಣೊರೆಸಿಕೊಂಡು ಬಂದು ಅವಳ ಕೈ ಹಿಡಿದಳು.

“ನೋಡ್ರವ್ವ. ಗಂಡ ಮಣ್ಣಿಗೆ ಹೋದ ಮ್ಯಾಲೂ ಅವನ ತಪ್ಪು ತನ್ನ ತಲಿ ಮ್ಯಾಲ ಹಾಕ್ಕೊಳ್ಳಾಕತ್ತಾಳ. ಹೆಂಡ್ತಿ ಅಂದ್ರ ಹಿಂಗಿರಬೇಕು.”

“ಖರೇನ ಅಕ್ಕಾ. ನಾನ ಅಂದಿದ್ದೆ.”

“ಹೌದು ತಂಗಿ, ಹೌದು. ಸುಮ್ಮನಾಗು,” ಎಂದರು ನಾಲ್ಕಾರು ಜನ. ಒಬ್ಬ ಮುದುಕಿಯಂತೂ ಅವಳಿಗೆ ಕೈಮುಗಿದಳು. ಯಾರೋ ತಾಟು ತಂದು ಮುಂದಿಟ್ಟರು. ನೀಲಗಂಗಾ ತಲೆ ಎತ್ತದೆ ಉಂಡಳು.